ದೂರು ಕೊಟ್ಟೀನಿ, ಅಳಾಕೂ ಹತ್ತೀನಿ

(1/7)
ನಾಲ್ಕು ತಿಂಗಳ ಹಿಂದ ನನ್ನ ಹಳೆ ಕೌನ್ಸೆಲರ್ ಮ್ಯಾಲೆ ದೂರು ಕೊಟ್ಟೆ. ಅವರ ಹೆಸರು, ಕ್ಲಿನಿಕ್ ಹೆಸರು ಇಲ್ಲಿ ಬರಂಗಿಲ್ಲ. ಕಮೆಂಟ್‌ನ್ಯಾಗ ಗೆಸ್ ಮಾಡಬ್ಯಾಡ್ರಿ, ಡಿಲೀಟ್ ಮಾಡ್ತೀನಿ. ವಿಚಾರಣೆ ನಡದೈತಿ, ಅವರ ಮಾತೂ ಅಲ್ಲಿ ಕೇಳ್ತಾರ, ಕೇಳಬೇಕು.

ನಾನು ಬರಿಯಾಕ ಹತ್ತಿದ್ದು ನಿಮ್ಮ ಬಗ್ಗೆ. "ಕಂಪ್ಲೇಂಟ್ ಕೊಟ್ಟೀ ಅಲ್ಲ, ಮುಗೀತು ಬಿಡು. ಇನ್ನೂ ಯಾಕ ಡಲ್ ಅದಿ?" ಅನ್ನೋ ನನ್ನ ಕ್ಲಾಸಿನವರ ಬಗ್ಗೆ. ಸಿಟ್ಟಿಲ್ಲೇ ಬರದೀನಿ. ಪೂರ್ತಿ ಓದ್ರಿ.

(2/7)
ಥರ್ಡ್ ಸೆಮ್‌ನ್ಯಾಗ ನಂಗ ನಿದ್ದಿ ಬರ್ತಿರಲಿಲ್ಲ. ಗರಗದಾಗ ಬಸ್ ಹತ್ತಿದ್ರ ಧಾರವಾಡ ಮುಟ್ಟೋದ್ರಾಗ ಎದಿ ಡವಡವ. ಮನ್ಯಾಗ ಹೇಳದ, ಹುಡುಗರಿಗೆ ಟ್ಯೂಷನ್ ಹೇಳಿ ಗಳಿಸಿದ ರೊಕ್ಕದಾಗ ಕೌನ್ಸೆಲಿಂಗ್‌ಗೆ ಹೋದೆ. ಎಂಟು ತಿಂಗಳು, ಪ್ರತಿ ಗುರುವಾರ. ನಮ್ಮವ್ವಗೂ ಹೇಳದ ಮಾತು ಅಲ್ಲಿ ಹೇಳಿದ್ದೆ.

ಒಂದಿನ ನಮ್ಮ ಅತ್ತಿ ಫೋನ್ ಮಾಡಿ, ಅದೇ ಮಾತನ್ನ ನನಗೇ ತಿರುಗಿಸಿ ಹೇಳಿದ್ಲು. ಅವರಿಬ್ಬರಿಗೂ ಪರಿಚಯ ಐತಂತ. ಕೌನ್ಸೆಲರ್‌ಗೆ ಕೇಳಿದೆ. "ನಿನ್ನ ಒಳ್ಳೇದಕ್ಕ ಹೇಳಿದೆ" ಅಂದ್ರು. ನಕ್ಕೊಂತ ಅಂದ್ರು.

(3/7)
"ಇಷ್ಟಕ್ಕ ದೂರಾ?" ಅಂದೋರಿಗೆ: ಹೌದು, ಇಷ್ಟಕ್ಕೇ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಅಂತ ಐತಿ. ಅದರ 23ನೇ ಸೆಕ್ಷನ್ ಗೌಪ್ಯತೆಯ ಹಕ್ಕು ಕೊಡ್ತೈತಿ. ಜೀವಕ್ಕ ಅಪಾಯ, ಕೋರ್ಟ್ ಆದೇಶ, ಇಂಥ ಕೆಲವು ಕಾರಣಕ್ಕ ಮಾತ್ರ ವಿನಾಯಿತಿ. ಆ ಪಟ್ಟಿಯೊಳಗ ಅತ್ತಿ ಇಲ್ಲ. 28ನೇ ಸೆಕ್ಷನ್ ದೂರು ಕೊಡೋ ಹಕ್ಕು: ಮೊದಲು ಆ ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನ ಆಗಲಿಲ್ಲಂದ್ರ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅದಾದ ಮ್ಯಾಲೆ ರಾಜ್ಯ ಪ್ರಾಧಿಕಾರಕ್ಕ. ನಾ ಇನ್ನೂ ಮೊದಲನೇ ಮೆಟ್ಟಲದಾಗ ಅದೀನಿ.

(4/7)
ಈಗ "ಮುಗೀತು ಬಿಡು" ಮಾತಿಗೆ ಬರೂಣು.

ನಾವು ಬಿಕಾಂದವರು. ಜರ್ನಲ್ ಎಂಟ್ರಿ ಹಾಕಿದ ಕೂಡ್ಲೇ ನಷ್ಟ ತುಂಬಿ ಬರ್ತೈತೇನ್ರಿ? ನಷ್ಟ ಆಗೇತಿ ಅಂತ ದಾಖಲೆ ಆಗ್ತೈತಿ, ಅಷ್ಟೇ. ದೂರೂ ಹಂಗ.

ಕೊಟ್ಟ ದಿನ ರಾತ್ರಿ ನಂಗ ಹಗರ ಅನಿಸಲಿಲ್ಲ, ವಾಂತಿ ಆತು. ಅವರ ಕೆಲಸ ಹೋದ್ರ ಅಂತ ಅಂಜಿಕಿ. ಗುರುವಾರ ನಾಲ್ಕು ಹೊಡದ್ರ ಇವತ್ತಿಗೂ ಕಾಲು ಆ ಕಡೆ ಎಳೀತಾವು. ಫೋರ್ತ್ ಸೆಮ್ ರಿಸಲ್ಟ್ ಬಂದಾಗ ಮೊದಲು ಹೇಳ್ಬೇಕು ಅನಿಸಿದ್ದು ಅವರಿಗೇ. ಇದನ್ನ ಗೆಳತಿಗೆ ಹೇಳಿದ್ರ, "ಅಷ್ಟು ನೆನಪಾಗ್ತಾರಂದ್ರ ಅವರು ಒಳ್ಳೇಯವರೇ ಇರ್ಬೇಕು, ವಾಪಸ್ ತಗೋ" ಅಂದ್ಲು.

ಇದ ತಪ್ಪು. ನನ್ನ ಅಳು ನೋಡಿ ದೂರು ಸುಳ್ಳು ಅಂತ ಹೆಂಗ ತೀರ್ಪು ಕೊಡ್ತೀರಿ? ಅವರು ನಂಗ ನಿದ್ದಿ ಮಾಡೂದು ಕಲಿಸಿದ್ರು, ಖರೇ. ನನ್ನ ಮಾತು ಮಾರಿದಂಗ ಹಂಚಿದ್ರು, ಅದೂ ಖರೇ. ನಾ ನಗುನಗುತ ಇದ್ದಿದ್ರ ನೀವೇ "ನೋಡು, ಏನೂ ಆಗಿಲ್ಲ ಅಕಿಗೆ" ಅಂತಿದ್ರಿ.

(5/7)
ಒಬ್ಬ ಸೀನಿಯರ್ ಅಂದಿದ್ದು ಮಾತ್ರ ನನ್ನ ತಲಿ ತಿಂತು: "ಮೊದಲೇ ನಮ್ಮ ಕಡೆ ಯಾರೂ ಕೌನ್ಸೆಲಿಂಗ್‌ಗೆ ಹೋಗಂಗಿಲ್ಲ. ನೀ ಹಿಂಗ ಮಾಡಿದ್ರ ಹೋಗೋರೂ ಅಂಜ್ತಾರ." ಇದರಾಗ ಅರ್ಥ ಐತಿ. ಯಾರರ ಸ್ವಲ್ಪ ಬ್ಯಾರೆ ಮಾತಾಡಿದ್ರ "ಧಾರವಾಡಕ್ಕ ಕಳಸ್ರಿ ಇವನ್ನ" ಅಂತ ನಗೋ ಸೀಮಿ ನಮ್ದು. ಧಾರವಾಡದಾಗ ಇರೋರೂ ನಗ್ತೀವಿ.

ಆದ್ರ ಜನ ಯಾಕ ಅಂಜ್ತಾರ? ಮಾತು ಊರಿಗೆ ಗೊತ್ತಾದೀತು ಅಂತ. ಆ ಅಂಜಿಕಿ ಖರೇ ಮಾಡಿದ್ದು ನಾನಾ, ಅವರಾ?

ನಮ್ಮೂರು ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಆ ಬಟ್ಟಿಗೆ ಬಿಐಎಸ್ ಮಾನದಂಡ ಐತಿ. ನೂಲು, ಬಣ್ಣ, ಅಳತಿ ಎಲ್ಲಾ ಪರೀಕ್ಷೆ ಆಗ್ತಾವು. ತಪ್ಪು ಹಿಡದವನಿಗೆ "ನೀ ಧ್ವಜದ ವೈರಿ" ಅಂತ ನಮ್ಮೂರಾಗ ಯಾರೂ ಅನ್ನಂಗಿಲ್ಲ.

(6/7)
ನಂಗ ಉಪಯೋಗ ಆದದ್ದು ಹೇಳ್ತೀನಿ, ನಿಮಗೂ ಆಗಬೇಕಂತಿಲ್ಲ.

• ದೂರಿನ ಮೇಲ್ ಶನಿವಾರ ಅಷ್ಟೇ ನೋಡ್ತೀನಿ. ಮೊದಲು ಗೆಳತಿ ಓದ್ತಾಳ, ಆಮ್ಯಾಲೆ ನಾನು.
• ಅತ್ತಿ ಹೇಳೋಕಿಂತ ಮೊದಲ ಅವ್ವಗ ನಾನೇ ಹೇಳಿದೆ. ಅವ್ವ ಬೈಲಿಲ್ಲ. ರೊಟ್ಟಿ ಬಡಿಯೋದು ನಿಲ್ಲಿಸಿ ಬಾಜೂಕ ಕುಂತ್ಲು.
• ಹೊಸ ಕೌನ್ಸೆಲರ್‌ಗೆ ಮೊದಲ ದಿನ ಒಂದೇ ಪ್ರಶ್ನೆ: "ನಾ ಹೇಳಿದ್ದು ಯಾರ್ಯಾರಿಗೆ ಹೋಗ್ತೈತಿ?" ಅರ್ಧ ತಾಸು ಬಿಡಿಸಿ ಹೇಳಿದ್ರು. ಎರಡನೇ ಸಲ ಬಸ್ಸಿನ ಸುದ್ದಿ ಅಷ್ಟೇ ಹೇಳಿದೆ. ಉಳಿದದ್ದು ಇನ್ನೂ ಹೇಳಿಲ್ಲ. ಹೇಳಾಕ ಟೈಮ್ ಬೇಕು.
• ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಆರ್‌ಸಿಐ ನೋಂದಣಿ ಕೇಳ್ರಿ. ಕೇಳೋದು ಅಪಮಾನ ಅಲ್ಲ.
• ರಾತ್ರಿ ತಡಕೊಳ್ಳಾಕ ಆಗಲಿಲ್ಲಂದ್ರ ಟೆಲಿ ಮಾನಸ್: 14416. ಪುಕ್ಕಟೆ, 24 ತಾಸು, ಕನ್ನಡದಾಗೂ ಮಾತಾಡ್ತಾರ. ಧಾರವಾಡದಾಗ ಡಿಮ್ಹಾನ್ಸ್ ಐತಿ, ನಗೋದು ಬಿಟ್ಟು ಒಮ್ಮೆ ಓಪಿಡಿ ನೋಡ್ರಿ.

(7/7)
ದೂರಿನ ಫಲಿತಾಂಶ ಏನಾಗ್ತೈತೋ ಗೊತ್ತಿಲ್ಲ. ನನ್ನ ವಿರುದ್ಧ ಬರಬಹುದು. ಅವತ್ತೂ ನಾ ಅಳಬಹುದು, ನನ್ನ ಪರ ಬಂದ್ರೂ ಅಳಬಹುದು.

ನಿಮ್ಮಿಂದ ಬೇಕಾಗಿದ್ದು ಇಷ್ಟ: ನಾಳೆ ನಿಮ್ಮ ಬೆಂಚಿನ ಬಾಜೂಕಿನವರು ಯಾರ ಮ್ಯಾಲರ ದೂರು ಕೊಟ್ಟು ಮುಖ ಸಣ್ಣ ಮಾಡಿ ಕುಂತಿದ್ರ, "ಮುಗೀತು ಬಿಡು" ಅನಬ್ಯಾಡ್ರಿ. "ವಾಪಸ್ ತಗೋ" ಅಂತೂ ಬ್ಯಾಡ. "ಚಾ ಕುಡಿಯೂಣ ಬಾ" ಅನ್ರಿ. ಗುರುವಾರ ನಾಲ್ಕಕ್ಕ ನನಗೂ ಅನ್ರಿ. ನಾ ಬರ್ತೀನಿ.

#ಗರಗ #ಧಾರವಾಡ #ಮನಸ್ಸಿನಆರೋಗ್ಯ #ದೂರುನನ್ನಹಕ್ಕು