ವಜ್ರಮುಷ್ಟಿ ಕಾಳಗ: ಗೆಲ್ಲೋರು ಯಾರು ಅಂತ ಮೊದಲೇ ಹೇಳಬಹುದಾ?



ದಸರಾ ರಜೆ ಹತ್ತಿರ ಬಂತು. ರಜೆಗೆ ಮೊದಲೇ ನಮ್ಮ ತರಗತಿಯಲ್ಲಿ ಒಂದು ಜಗಳ ಶುರುವಾಗಿದೆ. ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಈ ಸಲ ಗೆಲ್ಲೋರು ಯಾರು ಅನ್ನೋದೇ ಆ ಜಗಳ. "ನಮ್ಮ ಚನ್ನಪಟ್ಟಣದ ಜಟ್ಟಿನೇ ಗೆಲ್ಲೋದು" ಅಂತ ಕಿಟಕಿ ಪಕ್ಕದವರು. "ಮೈಸೂರಿನವರ ಮುಂದೆ ಏನೂ ನಡೆಯಲ್ಲ" ಅಂತ ಬಾಗಿಲ ಪಕ್ಕದವರು. ಮಾತಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಗ ಬೆಟ್ಸು ಕಟ್ಟೋಕೆ ಶುರು ಮಾಡಿದ್ದಾರೆ. ಮೊದಲು ಪೆನ್ಸಿಲ್, ಆಮೇಲೆ ಪೆನ್ನು, ಈಗ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಒಬ್ಬ ನೋಟ್ ಪುಸ್ತಕಕ್ಕೆ ಅಂತ ಮನೆಯಲ್ಲಿ ಕೊಟ್ಟ ದುಡ್ಡನ್ನೇ ಕಟ್ಟಿದ್ದಾನೆ. ಅವನ ಹೆಸರು ಬರೆಯಲ್ಲ. ಅದು ಅವರವ್ವ ರಾತ್ರಿ ಎದ್ದೆದ್ದು ಹುಳಕ್ಕೆ ಸೊಪ್ಪು ಹಾಕಿ ಸಂಪಾದಿಸಿದ ದುಡ್ಡು ಅಂತ ಮಾತ್ರ ಬರೆಯುತ್ತೇನೆ.

ಆದ್ದರಿಂದ ಈ ಪ್ರಶ್ನೆಯನ್ನು ಸರಿಯಾಗಿ ಯೋಚನೆ ಮಾಡೋಣ. ಗೆಲ್ಲೋರು ಯಾರು ಅಂತ ಮೊದಲೇ ಹೇಳಬಹುದಾ? ಹೇಳೋದಾದರೆ ಏನನ್ನು ನೋಡಿ ಹೇಳಬೇಕು?

ಗೊತ್ತಿಲ್ಲದವರಿಗಾಗಿ ಮೊದಲು ಕಾಳಗದ ವಿಷಯ ಹೇಳುತ್ತೇನೆ. ವಜ್ರಮುಷ್ಟಿ ಅಂದರೆ ಬೆರಳುಗಳಿಗೆ ತೊಟ್ಟು ಮುಷ್ಟಿಯಲ್ಲಿ ಹಿಡಿಯುವ ಒಂದು ಆಯುಧ. ದಂತದಲ್ಲೋ ಕೊಂಬಿನಲ್ಲೋ ಮಾಡಿದ್ದು, ಮೊನೆ ಇರುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಇದನ್ನು ಬಲಗೈಗೆ ತೊಟ್ಟು, ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ಹಾಸಿದ ಮಣ್ಣಿನ ಮೇಲೆ ಎದುರುಬದುರು ನಿಲ್ಲುತ್ತಾರೆ. ಎರಡು ಜೋಡಿ ಇರುತ್ತದೆ. ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ನಮ್ಮ ಚನ್ನಪಟ್ಟಣದಿಂದ ಜಟ್ಟಿಗಳು ಬರುವುದು ವಾಡಿಕೆ. ಯಾರ ತಲೆಯಿಂದ ಮೊದಲು ರಕ್ತ ಬರುತ್ತೋ ಅಲ್ಲಿಗೆ ಕಾಳಗ ನಿಂತಿತು. ಹಿರಿಯ ಉಸ್ತಾದರು ಕೂಡಲೇ ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಇದು ಆದ ಮೇಲೆ ರಾಜವಂಶದವರು ಬನ್ನಿ ಪೂಜೆಗೆ ಹೊರಡುತ್ತಾರೆ.

ಇದು ಇವತ್ತು ನಿನ್ನೆಯ ಕಾಳಗವಲ್ಲ. ಮೈಸೂರು ಅರಸರ ದಸರಾ 1610ರಲ್ಲಿ ರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು ಅಂತ ನಾವು ಓದಿದ್ದೇವೆ. ಅದಕ್ಕೂ ಮೊದಲು, ಸುಮಾರು 1520ರಲ್ಲಿ, ಪೋರ್ಚುಗಲ್ ದೇಶದ ಡೊಮಿಂಗೊ ಪೇಸ್ ವಿಜಯನಗರದ ಮಹಾನವಮಿ ನೋಡಿದ. ಅಲ್ಲಿಯ ಮಲ್ಲರು ಹಲ್ಲು ಮುರಿಯುವ ಹಾಗೆ, ಕಣ್ಣು ಹೋಗುವ ಹಾಗೆ ಗುದ್ದಾಡುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ' ಗ್ರಂಥದಲ್ಲಿ ಮಲ್ಲಯುದ್ಧದ ಬಗ್ಗೆಯೇ ಒಂದು ಭಾಗ ಬರೆದಿದ್ದಾನೆ. ಅಂದರೆ "ಇವತ್ತು ಗೆಲ್ಲೋರು ಯಾರು?" ಅನ್ನೋ ಪ್ರಶ್ನೆಗೆ ಸುಮಾರು ಒಂಬೈನೂರು ವರ್ಷ ವಯಸ್ಸಾಗಿದೆ!

ಈಗ ನಮ್ಮ ತರಗತಿಯವರು ಹೇಳುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಕಾರಣ ಮೈಕಟ್ಟು. "ದಪ್ಪ ಇರೋನೇ ಗೆಲ್ಲೋದು, ಎತ್ತರ ಇರೋನೇ ಗೆಲ್ಲೋದು" ಅಂತಾರೆ. ಕುಸ್ತಿಯಲ್ಲಿ ಇದಕ್ಕೆ ಸ್ವಲ್ಪ ಬೆಲೆ ಇದೆ. ಅದಕ್ಕೇ ಕುಸ್ತಿಗೆ ಮೊದಲು ತೂಕ, ವಯಸ್ಸು ನೋಡಿ ಜೋಡಿ ಕಟ್ಟುತ್ತಾರೆ. ಆದರೆ ತೂಕವೇ ಎಲ್ಲ ಅಲ್ಲ. ಪ್ರಪಂಚದಲ್ಲಿ ಗುದ್ದಾಟದ ದೊಡ್ಡ ಪದವಿ ಅಂದರೆ ಹೆವಿವೇಟ್ ಬಾಕ್ಸಿಂಗ್. 2024ರ ಮೇ 18ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಇಂಗ್ಲೆಂಡಿನ ಟೈಸನ್ ಫ್ಯೂರಿ ಮತ್ತು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಎದುರಾದರು. ಫ್ಯೂರಿ 206 ಸೆಂಟಿಮೀಟರ್ ಎತ್ತರ, ಉಸಿಕ್ 191. ಗೆದ್ದವನು ಉಸಿಕ್. ಅದೇ ವರ್ಷ ಡಿಸೆಂಬರ್ 21ರಂದು ಮತ್ತೆ ಎದುರಾದರು. ಆಗ ಫ್ಯೂರಿ 20 ಕೆ.ಜಿ.ಗಿಂತ ಹೆಚ್ಚು ಭಾರ ಇದ್ದ. ಆಗಲೂ ಗೆದ್ದವನು ಉಸಿಕ್. ಇನ್ನೊಂದು ತಮಾಷೆ ಕೇಳಿ. ಮೇ ತಿಂಗಳ ಪಂದ್ಯದಲ್ಲಿ ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕ್ ಗೆದ್ದ ಅಂದರು, ಒಬ್ಬರು ಫ್ಯೂರಿ ಗೆದ್ದ ಅಂದರು. ಪಂದ್ಯ ಪೂರ್ತಿ ನೋಡಿದ ಮೇಲೂ ತಿಳಿದವರಿಗೇ ಒಮ್ಮತ ಇಲ್ಲ. ನೋಡೋಕೆ ಮೊದಲೇ ನಾವು ಕಿಟಕಿ ಪಕ್ಕ ಕೂತು ತೀರ್ಪು ಕೊಡುತ್ತಿದ್ದೇವೆ!

ಎರಡನೇ ಕಾರಣ ಹೆಸರು. "ಹೋದ ಸಲ ಗೆದ್ದೋನು ಈ ಸಲಾನೂ ಗೆಲ್ತಾನೆ" ಅಂತಾರೆ. 1990ರ ಫೆಬ್ರವರಿ 11ರಂದು ಜಪಾನಿನ ಟೋಕಿಯೋದಲ್ಲಿ ಅಮೆರಿಕದ ಮೈಕ್ ಟೈಸನ್ ಹಾಗೇ ನಿಂತಿದ್ದ. ಅಲ್ಲಿಯವರೆಗೆ 37 ಪಂದ್ಯ ಆಡಿ ಒಂದೂ ಸೋತಿರಲಿಲ್ಲ. ಎದುರಿಗೆ ಬಸ್ಟರ್ ಡಗ್ಲಸ್. ಡಗ್ಲಸ್ ಗೆಲ್ಲುತ್ತಾನೆ ಅಂತ ಹೇಳಿದವರು ಇಲ್ಲವೇ ಇಲ್ಲ ಅನ್ನಬಹುದು. 8ನೇ ಸುತ್ತಿನಲ್ಲಿ ಟೈಸನ್ ಹೊಡೆದ ಏಟಿಗೆ ಡಗ್ಲಸ್ ನೆಲಕ್ಕೆ ಬಿದ್ದ. ಎದ್ದ. 10ನೇ ಸುತ್ತಿನಲ್ಲಿ ಡಗ್ಲಸ್ ಹೊಡೆದ ಏಟಿಗೆ ಟೈಸನ್ ಬಿದ್ದ. ಎಣಿಕೆ ಮುಗಿಯೋದರೊಳಗೆ ಏಳೋಕಾಗಲಿಲ್ಲ. ಪದವಿ ಹೋಯಿತು.

ಇಲ್ಲಿ ನಾನು ಒಂದು ಮುಖ್ಯವಾದ ಮಾತು ಹೇಳಬೇಕು. ಆ ಪಂದ್ಯದಲ್ಲಿ "ಯಾರು ಮೊದಲು ಬೀಳ್ತಾರೋ ಅವರು ಸೋತರು" ಅಂತ ನಿಯಮ ಇದ್ದಿದ್ದರೆ ಗೆದ್ದವನು ಟೈಸನ್! ಆಟಗಾರರು ಅವರೇ, ಏಟುಗಳು ಅವೇ. ನಿಯಮ ಬೇರೆಯಾದರೆ ಗೆದ್ದವನೇ ಬೇರೆ. ನಮ್ಮ ವಜ್ರಮುಷ್ಟಿಯ ನಿಯಮ ಇಂಥದ್ದೇ. ಮೊದಲು ರಕ್ತ ಬಂದರೆ ಮುಗಿಯಿತು. ಎದ್ದು ನಿಲ್ಲೋಕೆ ಎರಡನೇ ಅವಕಾಶ ಇಲ್ಲ.

ಹೆವಿವೇಟ್ ಪದವಿಯ ಪಂದ್ಯ 12 ಸುತ್ತು. ಒಂದು ಸುತ್ತಿಗೆ 3 ನಿಮಿಷ. ಒಟ್ಟು 36 ನಿಮಿಷ. ಜಾತ್ರೆಗಳಲ್ಲಿ ನಡೆಯುವ ಮಾರ್ಫಿಟ್ ಕುಸ್ತಿಯಲ್ಲಿ ಒಬ್ಬ ಚಿತ್ ಆಗುವವರೆಗೆ ಹಿಡಿಯುತ್ತಲೇ ಇರಬೇಕು. ಅಷ್ಟು ಹೊತ್ತು ಸಿಕ್ಕರೆ ತಾಲೀಮು ಚೆನ್ನಾಗಿ ಮಾಡಿದವನ ಉಸಿರು, ಪಟ್ಟು, ತಾಳ್ಮೆ ಎಲ್ಲ ಕೆಲಸಕ್ಕೆ ಬರುತ್ತೆ. ಒಂದು ತಪ್ಪಾದರೂ ಸರಿಮಾಡಿಕೊಳ್ಳಬಹುದು. ವಜ್ರಮುಷ್ಟಿ ಹಾಗಲ್ಲ. ಎಷ್ಟೋ ಸಲ ನಿಮಿಷದೊಳಗೆ ಮುಗಿದುಹೋಗುತ್ತೆ. ಅಷ್ಟರಲ್ಲಿ ಕಾಲು ಒಂದು ಬೆರಳಿನಷ್ಟು ಜಾರಿದರೂ ಲೆಕ್ಕ ತಿರುಗುತ್ತದೆ.

ಕಬಡ್ಡಿ ಉದಾಹರಣೆ ತೊಗೊಳ್ಳಿ. ಪೂರ್ತಿ ಆಟ ಆಡಿದರೆ ಐದನೇ ತರಗತಿಯವರು ನಮ್ಮನ್ನು ಸೋಲಿಸೋಕೆ ಆಗಲ್ಲ. ಆದರೆ "ಮೊದಲ ಒಂದು ಪಾಯಿಂಟ್ ತೊಗೊಂಡೋರು ಗೆದ್ದರು" ಅಂದುಬಿಟ್ಟರೆ? ಅವರ ಕಡೆಯ ಚುರುಕು ಹುಡುಗಿ ಒಬ್ಬಳು ನಮ್ಮ ಕಾಲು ಮುಟ್ಟಿ ಓಡಿಹೋದರೆ ಮುಗಿಯಿತು. ಆಟ ಚಿಕ್ಕದಾದಷ್ಟೂ ಅದೃಷ್ಟ ದೊಡ್ಡದು. ಇದು ನನ್ನ ಅಭಿಪ್ರಾಯ.

ಅದೂ ಅಲ್ಲದೆ ವಜ್ರಮುಷ್ಟಿಗೆ ಬರುವ ನಾಲ್ಕೂ ಜಟ್ಟಿಗಳು ಸುಮ್ಮನೆ ಬಂದವರಲ್ಲ. ನಾಲ್ವರೂ ತಾಲೀಮು ಮಾಡಿದವರೇ, ಹಿರಿಯರಿಂದ ಕಲಿತವರೇ. ಆದ್ದರಿಂದ ನನ್ನ ಲೆಕ್ಕದಲ್ಲಿ ಒಂದು ಜೋಡಿಯಲ್ಲಿ ಒಬ್ಬನ ಗೆಲುವು ನೂರಕ್ಕೆ ಐವತ್ತು. ನಾಣ್ಯ ಚಿಮ್ಮಿದ ಹಾಗೆ.

"ಹಾಗಾದರೆ ಕೆಲವರು ಪ್ರತಿ ವರ್ಷ ಸರಿಯಾಗಿ ಹೇಳ್ತಾರಲ್ಲ?" ಅಂತ ನೀವು ಕೇಳಬಹುದು. ನೋಟ್ ಪುಸ್ತಕ ತೆಗೆದು ಲೆಕ್ಕ ಮಾಡಿ. 32 ಮಕ್ಕಳು ಒಂದು ಕಾಳಗಕ್ಕೆ ಕಣ್ಣು ಮುಚ್ಚಿಕೊಂಡು ಊಹೆ ಹೇಳಿದರು ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ಸುಮಾರು 16 ಜನರದ್ದು ಸರಿಯಾಗುತ್ತೆ. ಆ 16ರಲ್ಲಿ ಎರಡನೇ ವರ್ಷವೂ ಸರಿಯಾಗುವವರು 8. ಮೂರನೇ ವರ್ಷ 4. ನಾಲ್ಕನೇ ವರ್ಷ 2. ಐದನೇ ವರ್ಷ 1. ಆ ಒಬ್ಬ ಐದು ವರ್ಷವೂ ಸರಿಯಾಗಿ ಹೇಳಿದ್ದಾನೆ! ಊರವರು ಅವನನ್ನು ದೊಡ್ಡ ಪಂಡಿತ ಅಂತಾರೆ. ಅವನ ಮಾತು ನಂಬಿ ದುಡ್ಡು ಕಟ್ಟುತ್ತಾರೆ. ಆದರೆ ಅವನಿಗೆ ಏನೂ ಗೊತ್ತಿರಲಿಲ್ಲ. 32 ಜನರಲ್ಲಿ ಯಾರಾದರೂ ಒಬ್ಬ ಹಾಗೆ ಉಳಿಯೋದು ಸಹಜ, ಅವನು ಉಳಿದ. ತಪ್ಪು ಹೇಳಿದ 31 ಜನ ಬಾಯಿ ಮುಚ್ಚಿಕೊಂಡಿರುತ್ತಾರೆ. ಅಥವಾ "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಅನ್ನೋ ಹಾಗೆ "ನಾನು ಅವತ್ತೇ ಹೇಳಿರಲಿಲ್ವಾ" ಅಂತಾರೆ.

ಹಾಗಂತ ಮೊದಲೇ ಹೇಳೋದು ಎಲ್ಲಾ ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಕಡೆ ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಾರೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನಕ್ಕೆ ಹಣ್ಣಾಗುತ್ತೆ ಅಂತ ನಮ್ಮವ್ವ ಹೇಳಿದರೆ ಹಾಗೇ ಆಗುತ್ತೆ. ಅದು ಅನುಭವದ ಊಹೆ. ಆದರೆ ಅದೇ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ತೊಗೊಂಡು ಹೋದ ದಿನ ರೇಟು ಎಷ್ಟು ಸಿಗುತ್ತೆ ಅಂತ ಕೇಳಿದರೆ "ಹರಾಜಾದ ಮೇಲೆ ಗೊತ್ತಾಗುತ್ತೆ" ಅಂತಾರೆ. ಯಾವುದನ್ನು ಹೇಳಬಹುದು, ಯಾವುದನ್ನು ಹೇಳೋಕಾಗಲ್ಲ ಅನ್ನೋದು ನಮ್ಮವ್ವನಿಗೆ ಗೊತ್ತು. ಜಾಣತನ ಅಂದರೆ ಇದೇ ಅಂತ ನನಗೆ ಅನ್ನಿಸುತ್ತೆ.

ಇನ್ನೂ ಒಂದು ವಿಷಯ ಇದೆ. ಕಿಟಕಿ ಪಕ್ಕದವರು ಚನ್ನಪಟ್ಟಣ ಅನ್ನೋದಕ್ಕೆ ಕಾರಣ ಏನು? ಚನ್ನಪಟ್ಟಣ ನಮ್ಮೂರಿಗೆ ಹತ್ತಿರ. ನಮ್ಮದು. ಬಾಗಿಲ ಪಕ್ಕದವರಲ್ಲಿ ಕೆಲವರ ನೆಂಟರು ಮೈಸೂರಿನಲ್ಲಿದ್ದಾರೆ. ಇದು ಊಹೆ ಅಲ್ಲ, ಆಸೆ. ಆಸೆ ಇರೋದು ತಪ್ಪಲ್ಲ. ನನಗೂ ಇದೆ. ರಾಮನಗರ, ಕನಕಪುರ, ಮಾಗಡಿಯವರಿಗೂ ಇರಬೇಕು ಅಂತ ನನ್ನ ಕೋರಿಕೆ. ಈ ನಾಲ್ಕು ತಾಲ್ಲೂಕಿಗೆ ಸೇರಿ ಅರಮನೆಯಲ್ಲಿ ನಿಲ್ಲುವ ಜಟ್ಟಿ ಅಂದರೆ ಚನ್ನಪಟ್ಟಣದವರೇ ತಾನೇ! ಬೊಂಬೆಗೆ ಹೆಸರಾದ ಊರು ಕಾಳಗಕ್ಕೂ ಹೆಸರಾಗಿದೆ ಅಂತ ಹೆಮ್ಮೆ ಪಡೋಣ. ಆದರೆ ಆಸೆಗೆ ಊಹೆ ಅಂತ ಹೆಸರಿಟ್ಟು ಅದರ ಮೇಲೆ ದುಡ್ಡು ಕಟ್ಟಬಾರದು.

"ಹುಡುಗಿಗೆ ಕುಸ್ತಿ ಕಾಳಗ ಎಲ್ಲಾ ಏನು ಗೊತ್ತು" ಅಂತ ಇದನ್ನು ಓದುವ ಕೆಲವರು ನಗಬಹುದು. ನಗಲಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಪಕ್ಕದಲ್ಲೇ ಚೀಟಿ ಅಂಟಿಸಿ ತೋರಿಸಲಿ.

ಕೊನೆಯದಾಗಿ, ಅಲ್ಲಿ ಹರಿಯೋದು ಒಬ್ಬ ಮನುಷ್ಯನ ತಲೆಯ ರಕ್ತ. ಜಟ್ಟಿಗಳು ಅದನ್ನು ಸೇವೆ ಅಂತ ತಿಳಿದು ಮಾಡುತ್ತಾರೆ. ಗೆದ್ದವನದ್ದೂ ಸೇವೆ, ಸೋತವನದ್ದೂ ಸೇವೆ. ಆ ರಕ್ತ ನೋಡಿ ಇಲ್ಲಿ ಒಬ್ಬ "ನಂಗೆ ಇಪ್ಪತ್ತು ರೂಪಾಯಿ ಬಂತು" ಅಂತ ಕುಣಿಯೋದು ನನಗೆ ಸರಿ ಕಾಣಲ್ಲ. ಹಿರಿಯರೇ ಅರಳಿಕಟ್ಟೆಯಲ್ಲಿ ಕ್ರಿಕೆಟ್ಟಿಗೆ ಬೆಟ್ಸು ಕಟ್ಟಿದರೆ ಮಕ್ಕಳು ಕಲಿಯದೆ ಇರುತ್ತಾರಾ? ಈ ಮಾತನ್ನು ದೊಡ್ಡವರೂ ಓದಲಿ ಅಂತಲೇ ಬರೆದಿದ್ದೇನೆ.

ಅದಕ್ಕೆ ನನ್ನದೊಂದು ಸಲಹೆ. ಕಟ್ಟಿದ ದುಡ್ಡು, ಪೆನ್ನು ಎಲ್ಲಾ ಅವರವರಿಗೆ ವಾಪಸ್ ಕೊಡಿ. ನೋಟ್ ಪುಸ್ತಕದ ದುಡ್ಡು ಮೊದಲು ಕೊಡಿ. ಹೆಡ್ ಮೇಷ್ಟ್ರು ಒಪ್ಪಿದರೆ ಅವರ ಕೋಣೆಯಲ್ಲಿ ಒಂದು ಡಬ್ಬಿ ಇಡೋಣ. ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡು ಸಾಲು ಬರೆಯಬೇಕು. ಒಂದು 'ನನ್ನ ಆಸೆ', ಇನ್ನೊಂದು 'ನನ್ನ ಊಹೆ ಮತ್ತು ಕಾರಣ'. ರಜೆ ಮುಗಿದು ಬಂದ ದಿನ ಎಲ್ಲರ ಮುಂದೆ ತೆಗೆದು ಓದೋಣ. ಗೆದ್ದವರಿಗೆ ಚಪ್ಪಾಳೆ. ಒಳ್ಳೆ ಕಾರಣ ಬರೆದವರಿಗೆ, ಊಹೆ ತಪ್ಪಿದ್ದರೂ, ಇನ್ನೂ ಜೋರಾಗಿ ಚಪ್ಪಾಳೆ. ಮೊದಲೇ ಬರೆದಿಟ್ಟರೆ ಆಮೇಲೆ "ನಾನು ಅವತ್ತೇ ಹೇಳಿದ್ದೆ" ಅಂತ ಯಾರೂ ಸುಳ್ಳು ಹೇಳೋಕಾಗಲ್ಲ.

ನನ್ನದನ್ನು ಡಬ್ಬಿಗೆ ಕಾಯದೆ ಇಲ್ಲೇ ಬರೆಯುತ್ತೇನೆ.

ನನ್ನ ಊಹೆ: ಎರಡು ಜೋಡಿಯಲ್ಲಿ ಒಂದಾದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಇದಕ್ಕೆ ನೂರಕ್ಕೆ ಎಂಬತ್ತು ಕೊಡುತ್ತೇನೆ. ಕಾರಣ, ಮೊದಲ ರಕ್ತದ ನಿಯಮ. ಚನ್ನಪಟ್ಟಣದ ಜಟ್ಟಿ ಗೆಲ್ಲುವುದು ನೂರಕ್ಕೆ ಐವತ್ತು. ಅದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಕಾರಣ ಇಲ್ಲ.

ನನ್ನ ಆಸೆ: ಚನ್ನಪಟ್ಟಣ. ನೂರಕ್ಕೆ ನೂರು.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ ವಿದ್ಯಾರ್ಥಿನಿ