ಇಲ್ಲದ ಒಳಚರಂಡಿಗೆ ಇರುವ ನಿಯಮ

ನಾಲಿಯ ಮಾತು ಬಂದಾಗಲೆಲ್ಲ ನಮ್ಮ ಔರಾದದಲ್ಲಿ ಬೆರಳು ಮೊದಲು ತಿರುಗುವುದು ಕಸಾಯಿ ಅಂಗಡಿಯತ್ತ. ತಿರುಗಲಿ, ನಮ್ಮ ತಕರಾರಿಲ್ಲ. ಬಕ್ರೀದ್ ದಿನ ರಕ್ತವನ್ನೂ ಕರುಳನ್ನೂ ನಾಲಿಗೆ ತಳ್ಳಿ ಬಾಗಿಲು ಹಾಕಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಆದರೆ ಬ್ಯಾಟರಿ ಅಂಗಡಿಯ ಆಸಿಡ್, ಗ್ಯಾರೇಜಿನ ಸುಟ್ಟ ಆಯಿಲ್, ಹೋಟೆಲಿನ ಜಿಡ್ಡು ನೀರು ಅದೇ ನಾಲಿಗೆ ಬೀಳುವಾಗ ಆ ಬೆರಳು ಎಲ್ಲಿರುತ್ತದೆ?

ನಿಯಮವೇ ಇಲ್ಲವೆಂದಲ್ಲ. ಯಾವ ಹೊಲಸು ನೀರನ್ನು ಎಲ್ಲಿಗೆ ಬಿಡಬಹುದೆಂಬ ಪಟ್ಟಿ 1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿದೆ. ಹೊಲಸು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನು ತಿಂದು ಹಾಕುತ್ತದಲ್ಲ, ಅದರ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ. ಹೊಳೆ ಕೆರೆಗಳಿಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಒಳಚರಂಡಿಗಾದರೆ 350ರವರೆಗೆ ರಿಯಾಯಿತಿ. ಎಣ್ಣೆ ಜಿಡ್ಡಿಗೆ ಅಲ್ಲಿ 10, ಇಲ್ಲಿ 20. ಇಷ್ಟೊಂದು ಔದಾರ್ಯ ಏಕೆ? ಒಳಚರಂಡಿಯ ಕೊನೆಯಲ್ಲಿ ಶುದ್ಧೀಕರಣ ಘಟಕ ಇರುತ್ತದೆಂಬ ನಂಬಿಕೆಯಿಂದ.

ನಮ್ಮ ಓಣಿಯ ತೆರೆದ ನಾಲಿಯ ಕೊನೆಯಲ್ಲಿ ಏನಿದೆ? ಹಳ್ಳ. ಹಳ್ಳದಾಚೆ ಮಾಂಜ್ರಾ, ಅದರ ಕೆಳಗೆ ತೆಲಂಗಾಣದ ಸಿಂಗೂರು ಜಲಾಶಯ. ಹೀಗಿರುವಾಗ ನಾಲಿಯನ್ನು ಒಳಚರಂಡಿಯೆಂದು ಲೆಕ್ಕ ಹಾಕಿ ರಿಯಾಯಿತಿ ಪಡೆಯುವುದು ಶುದ್ಧ ಮೋಸ. ನಾಲಿಗೆ ಬಿಟ್ಟದ್ದು ಹೊಳೆಗೇ ಬಿಟ್ಟಂತೆ, 30ರ ಅಳತೆಯೇ ಸಲ್ಲಬೇಕು. 'ಇದು ಬರೀ ನಾಲಿ, ಇದಕ್ಕೆಂಥ ಕಾನೂನು' ಎಂಬ ಮಾತೂ ನಡೆಯದು. 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಹಳ್ಳ, ಬಾವಿ, ಚರಂಡಿ, ನೆಲ ಎಲ್ಲವನ್ನೂ ಹೆಸರಿಸಿದೆ.

ಜಿಲ್ಲಾ ಕೇಂದ್ರದ ಸ್ಥಿತಿಯೂ ನೆಮ್ಮದಿಯದ್ದಲ್ಲ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ರಾಸಾಯನಿಕಗಳ ಕಾರ್ಖಾನೆಗಳಿವೆ. ಸುತ್ತಲಿನ ಹಳ್ಳಿಗರು ದುರ್ವಾಸನೆ, ಕೆಟ್ಟ ನೀರು ಎಂದು ವರ್ಷಗಳಿಂದ ದೂರುತ್ತಲೇ ಇದ್ದಾರೆ. ಸುಲ್ತಾನರ ಕಾಲದಲ್ಲಿ ನೆಲದಡಿ ಸುರಂಗ ಕೊರೆದು ಶುದ್ಧ ನೀರು ಹರಿಸಿದ ಊರು ಅದು!

ಕೊಳಕು ಬಿದ್ದು ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಒಂದು ಕೆಟ್ಟರೂ ವುಝೂಗೆ ಆಗದೆಂದು ಮದ್ರಸದ ಮಗುವಿಗೂ ಗೊತ್ತು. ಈ ಲೆಕ್ಕವನ್ನು ಮಸೀದಿಯ ಹೌಜಿಗೆ ಮಾತ್ರ ಮೀಸಲಿಟ್ಟು, ಬಾಗಿಲ ಮುಂದಿನ ನಾಲಿಗೆ ಬಂದಾಗ ಮರೆಯುವ ನಾವು ಯಾವ ಮುಖದಿಂದ ಸರಕಾರವನ್ನು ಬೈಯುವುದು? ಆದರೂ ಬೈಯಲೇಬೇಕು. ಏಕೆಂದರೆ ನಾವು ಬಿಟ್ಟ ಆಸಿಡ್ಡಿನಲ್ಲಿ ಕಾಲಿಟ್ಟು ಹೂಳೆತ್ತುವುದು ನಾವಲ್ಲ, ಪೌರಕಾರ್ಮಿಕರು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ನಾಲಿ ಬಳಿಯುವವರ ಬರಿಗಾಲಿನ ಬಗ್ಗೆ ಚಿಂತಿಸುವವರು ಯಾರು?

ಪಟ್ಟಣ ಪಂಚಾಯತಿಗೆ ನಮ್ಮ ಪ್ರಶ್ನೆ ಸರಳ. ಅಂಗಡಿಗೆ ಲೈಸೆನ್ಸ್ ಕೊಡುವ ಅರ್ಜಿಯಲ್ಲಿ ಮಾಲೀಕನ ಹೆಸರು, ತಂದೆಯ ಹೆಸರು ಎಲ್ಲ ಕೇಳುತ್ತೀರಿ. ಹೊಲಸು ನೀರು ಎಲ್ಲಿಗೆ ಹೋಗುತ್ತದೆಂದು ಒಂದು ಸಾಲು ಏಕೆ ಕೇಳುವುದಿಲ್ಲ? ರಾತ್ರಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಕೊಂಡು ಹೋಗುವ ಟ್ಯಾಂಕರ್ ಬೆಳಗಾಗುವುದರೊಳಗೆ ಅದನ್ನು ಎಲ್ಲಿ ಸುರಿದು ಬರುತ್ತದೆ?