ಉಮ್ಮ ಮಲಗುವ ಮನೆಗೂ ಒಂದು ಹೊಗೆ ಅಲಾರಂ ಇರಲಿ

ದುಬೈ, ದೋಹಾ, ಜುಬೈಲ್ ಹೀಗೆ ನಮ್ಮ ಊರಿನ ಹುಡುಗರು ಎಲ್ಲೆಲ್ಲೋ ದುಡಿಯುತ್ತಿದ್ದಾರೆ. ಅಲ್ಲಿ ಎಷ್ಟೋ ಫ್ಲ್ಯಾಟುಗಳ ಸೀಲಿಂಗಿನಲ್ಲಿ ಸಣ್ಣ ಬಿಳಿ ಬಟ್ಟಲು ಕವುಚಿಟ್ಟಂತೆ ಒಂದು ಸಾಧನ ಇರುತ್ತದೆ. ಅದೇ ಸ್ಮೋಕ್ ಡಿಟೆಕ್ಟರ್. ಹೊಗೆ ಬಂದ ಕೂಡಲೇ ಕಿವಿಗಡಚಿಕ್ಕುವಂತೆ ಕೂಗಿ ಮಲಗಿದವರನ್ನು ಎಬ್ಬಿಸುತ್ತದೆ. ಯುಎಇ ಸರಕಾರವಂತೂ ವಿಲ್ಲಾಗಳಿಗೆ 'ಹಸ್ಸನ್ತುಕ್' ಎಂಬ ವ್ಯವಸ್ಥೆಯನ್ನೇ ತಂದಿದೆ. ಮನೆಯಲ್ಲಿ ಹೊಗೆ ಕಂಡರೆ ಸೂಚನೆ ಸಿವಿಲ್ ಡಿಫೆನ್ಸ್‌ನವರಿಗೂ ಹೋಗುತ್ತದೆ.

ಅದೇ ಹುಡುಗ ಊರಲ್ಲಿ ಕಟ್ಟಿಸಿದ ಮನೆಯನ್ನು ನೋಡಿ. ಗ್ರಾನೈಟ್ ಇದೆ, ಫಾಲ್ಸ್ ಸೀಲಿಂಗ್ ಇದೆ, ಗೇಟಿಗೆ ಸಿಸಿ ಕ್ಯಾಮರಾ ಇದೆ. ಹೊಗೆ ಅಲಾರಂ ಮಾತ್ರ ಇಲ್ಲ. ಕಳ್ಳ ಬಂದರೆ ಅಬುಧಾಬಿಯಲ್ಲಿ ಕೂತ ಮಗನ ಮೊಬೈಲಿಗೆ ಗೊತ್ತಾಗುತ್ತದೆ, ಬೆಂಕಿ ಬಂದರೆ ಒಳಗೆ ಮಲಗಿದ ಉಮ್ಮನಿಗೂ ಗೊತ್ತಾಗುವುದಿಲ್ಲ. ಇದು ಸರಿಯೇ?

ಗಲ್ಫ್ ಎಂದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. 2024ರ ಜೂನ್ 12ರ ಮುಂಜಾನೆ ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಮಂದಿ ತೀರಿಹೋದರು. ಅವರಲ್ಲಿ ಹೆಚ್ಚಿನವರು ಭಾರತೀಯರು, ಅದರಲ್ಲೂ ನಮ್ಮ ನೆರೆಯ ಕೇರಳದವರು ಬಹಳ. ಬೆಂಕಿ ಹತ್ತಿದ್ದು ಕೆಳಗಿನ ಅಂತಸ್ತಿನಲ್ಲಿ, ಸತ್ತವರಲ್ಲಿ ಅನೇಕರು ಮೇಲೆ ನಿದ್ದೆಯಲ್ಲಿದ್ದವರು. ಅವರ ಜೀವ ತೆಗೆದದ್ದು ಹೊಗೆ.

ಇದನ್ನು ನಾವು ಸರಿಯಾಗಿ ತಿಳಿಯಬೇಕು. ಮನೆಗೆ ಬೆಂಕಿ ಬಿದ್ದಾಗ ಸಾಯುವವರಲ್ಲಿ ಬಹಳ ಮಂದಿ ಸುಟ್ಟು ಸಾಯುವುದಲ್ಲ, ಹೊಗೆ ಕುಡಿದು ಸಾಯುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ‘ವಾಸನೆ ಬಂದರೆ ಎಚ್ಚರ ಆಗ್ತದಲ್ವಾ’ ಎಂದು ಕೆಲವರು ಹೇಳುತ್ತಾರೆ. ಗಾಢ ನಿದ್ದೆಯಲ್ಲಿ ಮೂಗನ್ನು ನಂಬಿ ಕೂರುವ ಹಾಗಿಲ್ಲ. ಕಿವಿಗೆ ಬಡಿಯುವ ಸದ್ದೇ ಎಬ್ಬಿಸಬೇಕು. ಅಮೆರಿಕದಲ್ಲಿ ಮನೆ ಬೆಂಕಿಗೆ ಬಲಿಯಾಗುವ ಪ್ರತಿ 5 ಮಂದಿಯಲ್ಲಿ ಸುಮಾರು 3 ಮಂದಿ ಅಲಾರಂ ಇಲ್ಲದ ಅಥವಾ ಕೆಟ್ಟುಹೋದ ಮನೆಯವರು ಎಂದು ಅಲ್ಲಿನ ಅಗ್ನಿ ಸುರಕ್ಷಾ ಸಂಸ್ಥೆ ಲೆಕ್ಕ ಕೊಟ್ಟಿದೆ.

ನಮ್ಮ ಮನೆಗಳಲ್ಲಿ ಬೆಂಕಿಗೆ ದಾರಿಗಳೇನು ಕಡಿಮೆಯೇ? ಇನ್ವರ್ಟರ್, ರಾತ್ರಿಯಿಡೀ ಹಾಸಿಗೆ ಮೇಲೆ ಚಾರ್ಜಿಗಿಟ್ಟ ಮೊಬೈಲ್, ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ನಾಲ್ಕು ವಯರ್, ಮಂಚದ ಕೆಳಗಿನ ಸೊಳ್ಳೆಬತ್ತಿ. ರಮಝಾನಿನಲ್ಲಿ ಸಹರಿಗೆಂದು ಅರ್ಧ ನಿದ್ದೆಯಲ್ಲೇ ಒಲೆ ಹಚ್ಚುವ ಹೆಂಗಸರು ಎಷ್ಟಿಲ್ಲ!

‘ವಿಧಿಯಲ್ಲಿ ಬರೆದದ್ದು ಆಗಿಯೇ ಆಗ್ತದೆ ಉಸ್ತಾದ್’ ಎನ್ನುವವರಿಗೆ ಒಂದು ಮಾತು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದಕ್ಕೆ ಬೆಂಕಿ ಬಿದ್ದ ಸುದ್ದಿ ಬಂದಾಗ ಪ್ರವಾದಿಯವರು (ಸ) ವಿಧಿ ಎಂದು ಸುಮ್ಮನೆ ಕೂರಲಿಲ್ಲ. ಬೆಂಕಿ ನಿಮ್ಮ ಶತ್ರು, ಮಲಗುವ ಮೊದಲು ಅದನ್ನು ಆರಿಸಿ ಎಂದು ಕಲಿಸಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಹದೀಸ್ ಇದು. ಆಗ ಇದ್ದದ್ದು ಎಣ್ಣೆ ದೀಪ, ಊದಿದರೆ ಆರುತ್ತಿತ್ತು. ಇಂದಿನ ಬೆಂಕಿ ಗೋಡೆಯೊಳಗಿನ ವಯರಿನಲ್ಲಿ ಅಡಗಿದೆ, ಊದಿ ಆರಿಸಲು ಆಗದು. ಆದ್ದರಿಂದ ನಾವು ಮಲಗಿದಾಗ ಎಚ್ಚರ ಇರುವ ಸಾಧನವೊಂದು ಬೇಕು.

ಬ್ಯಾಟರಿಯಲ್ಲಿ ನಡೆಯುವ ಅಲಾರಂ ಆನ್‌ಲೈನಿನಲ್ಲೂ ಸಿಗುತ್ತದೆ, ವಯರಿಂಗ್ ಬೇಡ, ಎರಡು ಸ್ಕ್ರೂ ಸಾಕು. ‘ಫೋಟೋಎಲೆಕ್ಟ್ರಿಕ್’ ಜಾತಿಯದ್ದನ್ನು ಕೇಳಿ ತನ್ನಿ, ಅಡುಗೆ ಹೊಗೆಗೆ ಅದು ಸುಮ್ಮನೆ ಕೂಗುವುದು ಕಡಿಮೆ. ಹೊಗೆ ಮೇಲಕ್ಕೇರುವುದರಿಂದ ಸೀಲಿಂಗಿನಲ್ಲೇ ಇರಬೇಕು. ಮಲಗುವ ಕೋಣೆಗಳ ಹೊರಗೆ ಮತ್ತು ಪ್ರತಿ ಅಂತಸ್ತಿಗೂ ಒಂದೊಂದು, ಆದರೆ ಒಲೆಯಿಂದ 10 ಅಡಿಯಾದರೂ ದೂರ. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ಕೂಗುತ್ತದಾ ನೋಡಿ. 10 ವರ್ಷ ಆದರೆ ಇಡೀ ಸಾಧನವನ್ನೇ ಬದಲಿಸಿ.

ಒಂದು ತಪ್ಪು ತಿಳುವಳಿಕೆ ಬೇಡ. ಗ್ಯಾಸ್ ಸೋರಿದರೆ ಈ ಅಲಾರಂ ಕೂಗುವುದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಅದಕ್ಕೆ ಬೇರೆಯೇ ಸಾಧನ ಬೇಕು, ನೆಲದ ಹತ್ತಿರ ಹಾಕಬೇಕು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು ಎಲ್ಲದಕ್ಕಿಂತ ಅಗ್ಗದ ಉಪಾಯ. ಸೋರಿಕೆ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿಯಾದರೆ 112 ಅಥವಾ 101.

ಅಲಾರಂ ಕೂಗಿದರೂ ಹೊರಗೆ ಬರಲು ದಾರಿ ಇಲ್ಲದಿದ್ದರೆ ಏನು ಫಲ? ನಮ್ಮ ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅಲ್ಮೇರಾದಲ್ಲಿ! ಕೀಲಿಕೈ ಬಾಗಿಲಿನ ಪಕ್ಕವೇ, ಮಕ್ಕಳಿಗೂ ಗೊತ್ತಿರುವ ಜಾಗದಲ್ಲಿ ಇರಲಿ. ಹೊಗೆ ತುಂಬಿದರೆ ನೆಲಕ್ಕೆ ಬಗ್ಗಿ ತೆವಳಬೇಕು, ಚಿನ್ನ ಹುಡುಕಲು ವಾಪಸು ಹೋಗಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಇನ್ನು ನಮ್ಮ ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ದರ್ಸ್, ಹಾಸ್ಟೆಲ್, ಯತೀಂಖಾನೆಗಳಲ್ಲಿ ರಾತ್ರಿ ಮಲಗುವುದು ಬೇರೆಯವರ ಮಕ್ಕಳು, ಅವರು ನಮ್ಮಲ್ಲಿ ಅಮಾನತ್ತು. ಎಷ್ಟೋ ಕಡೆ ಒಂದೇ ಮೆಟ್ಟಿಲು, ಅದಕ್ಕೂ ರಾತ್ರಿ ಬೀಗ. ಮಸೀದಿಗೆ ಹೊಸ ಎಸಿ ಹಾಕಲು ಚಂದಾ ಎತ್ತುವ ನಾವು ಈ ಮಕ್ಕಳ ಕೋಣೆಗೆ ನಾಲ್ಕು ಅಲಾರಂ ಹಾಕಲಾರೆವೇ? ಮೊದಲು ಇಲ್ಲಿಂದಲೇ ಶುರುವಾಗಲಿ.

ಗಲ್ಫಿನಲ್ಲಿರುವ ಸಹೋದರರೇ, ಮುಂದಿನ ರಜೆಗೆ ಬರುವಾಗ ಅತ್ತರು, ಖರ್ಜೂರ ತನ್ನಿ, ಬೇಡ ಎನ್ನುವುದಿಲ್ಲ. ಮನೆಗೆ ಬಂದ ಮೊದಲ ವಾರದಲ್ಲೇ ಉಮ್ಮನ ಕೋಣೆಯ ಹೊರಗೆ ಒಂದು ಹೊಗೆ ಅಲಾರಂ ಹಾಕಿ, ಅದರ ಸದ್ದನ್ನು ಅವರಿಗೊಮ್ಮೆ ಕೇಳಿಸಿ.